ಕಾಫಿಯ ಬೆಲೆಯೂ ನಮ್ಮ ಕೂಲಿಯೂ

(ವಯನಾಡಿನಲ್ಲಿ ನಡೆದ ಕನ್ನಡ ಕಾರ್ಮಿಕರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟಕ್ಕೆ ಕೊಟ್ಟಿರುವ ವಿಷಯ "ಮುಕ್ತ ಮಾರುಕಟ್ಟೆ ಮತ್ತು ಸರಕಾರದ ಹಸ್ತಕ್ಷೇಪ" ಎಂಬುದು. ಇಷ್ಟು ದೊಡ್ಡ ಹೆಸರು ಕೇಳಿ ಯಾರೂ ಹೆದರಬೇಡಿರಿ. ನಾವೂ ಎಸ್.ಎಸ್.ಎಲ್.ಸಿ. ತನಕ ಮಾತ್ರ ಓದಿದವರು. ಅರ್ಥಶಾಸ್ತ್ರದ ಗ್ರಂಥಗಳನ್ನು ಓದಿ ಬಂದು ನಿಮ್ಮ ಮುಂದೆ ನಿಂತಿಲ್ಲ. ಆದರೆ ಇಲ್ಲಿ ಕುಳಿತಿರುವ ನಾವೆಲ್ಲರೂ ಒಂದು ಗಿಡವನ್ನು ಚೆನ್ನಾಗಿ ಬಲ್ಲೆವು. ಅದರ ಬುಡಕ್ಕೆ ಗೊಬ್ಬರ ಹಾಕಿದ್ದೇವೆ, ಕಂಬಚಿಗುರು ತೆಗೆದಿದ್ದೇವೆ, ಹಣ್ಣು ಕುಯ್ದಿದ್ದೇವೆ, ಕಣದಲ್ಲಿ ಹರಡಿ ಮಳೆ ಬಂದರೆ ಓಡಿ ಹೋಗಿ ಮುಚ್ಚಿದ್ದೇವೆ. ಆ ಕಾಫಿ ಗಿಡವೇ ಇಂದು ನಮಗೆ ಪಾಠಪುಸ್ತಕವಾಗಲಿ. ಸರಕಾರ ಬೆಲೆಗೆ ಕೈಹಾಕಿದರೆ ಏನಾಗುತ್ತದೆ, ಕೈ ತೆಗೆದರೆ ಏನಾಗುತ್ತದೆ ಎಂಬ ಎರಡನ್ನೂ ಒಂದೇ ಜೀವಮಾನದಲ್ಲಿ ಕಂಡ ಬೆಳೆ ಇದು.

ಈ ವಿಷಯವನ್ನು ಏಕೆ ಎತ್ತಿಕೊಂಡೆವು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡೋಣ. 2025ರ ಕುಯ್ಲಿನ ಹೊತ್ತಿನಲ್ಲಿ ಇದೇ ಕೊಠಡಿಯಲ್ಲಿ ನಡೆದ ಜಗಳ ನಿಮಗೆ ನೆನಪಿರಬಹುದು. ಕಾಫಿಗೆ ಹಿಂದೆ ಯಾರೂ ಕಾಣದ ಬೆಲೆ ಬಂದಿತ್ತು. ಕುಯ್ಯುವ ಹೆಂಗಸರು ಕಿಲೋ ಲೆಕ್ಕದ ಕೂಲಿಯನ್ನು ಹೆಚ್ಚಿಸಿರಿ ಎಂದರು. ಎರಡು ಎಕರೆಯ ನಮ್ಮ ಬೆಳೆಗಾರ ಸಹೋದರರು, "ಬೆಲೆ ಬಿದ್ದಾಗ ನೀವು ನಷ್ಟದಲ್ಲಿ ಪಾಲು ತೆಗೆದುಕೊಂಡಿರಾ?" ಎಂದು ಕೇಳಿದರು. ಒಬ್ಬ ಹಿರಿಯರು ಎದ್ದು, "ಪೂಲನ್ನು ಮತ್ತೆ ತರಬೇಕು, ಸರಕಾರವೇ ಕಾಫಿ ಕೊಳ್ಳಬೇಕು" ಎಂದರು. ಒಬ್ಬ ತರುಣರು, "ಸರಕಾರ ಕೈಬಿಟ್ಟ ಮೇಲೆಯೇ ಬೆಳೆಗಾರ ಉಸಿರಾಡಿದ್ದು, ಆ ಮಾತು ಎತ್ತಬೇಡಿ ಅಜ್ಜ" ಎಂದರು. ಒಂದೇ ಸಭೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವವರು ಆ ದಿನ ಎರಡು ಬದಿಗೆ ಸರಿದು ಕುಳಿತರು. ಮುಂದಿನ ಕುಯ್ಲು ಬರುವುದರೊಳಗೆ ನಾವು ಒಂದು ತೀರ್ಮಾನಕ್ಕೆ ಬರಬೇಕು. ಅದಕ್ಕೆ ಮೊದಲು ಹಿಂದೆ ನಡೆದದ್ದೇನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಬ್ರೆಜಿಲಿನ ಬೆಂಕಿ

ಕಾಫಿಯ ಬೆಲೆಯನ್ನು ಸರಕಾರ ಹಿಡಿದು ನಿಲ್ಲಿಸಿದ ಕಥೆ ನಮ್ಮ ದೇಶದಲ್ಲಿ ಆರಂಭವಾಗಲಿಲ್ಲ. ಬ್ರೆಜಿಲ್ ದೇಶದಲ್ಲಿ ಬೆಳೆ ಹೆಚ್ಚಾಗಿ ಬೆಲೆ ಕುಸಿದಾಗ, 1906ರಲ್ಲಿ ಸಾವೊ ಪೌಲೊ ಮೊದಲಾದ ಮೂರು ರಾಜ್ಯಗಳು ಒಂದು ಒಪ್ಪಂದ ಮಾಡಿಕೊಂಡವು. ಸಾಲ ತೆಗೆದು ಕಾಫಿಯನ್ನು ಕೊಂಡು ಉಗ್ರಾಣದಲ್ಲಿ ತುಂಬಿಡುವುದು, ಬೆಲೆ ಏರಿದಾಗ ಮಾರುವುದು, ಇದೇ ಉಪಾಯ. ಮೊದಮೊದಲು ಉಪಾಯ ಫಲಿಸಿತು. ಬೆಲೆ ಕೈಬಿಡದೆ ನಿಂತಿತು. ಆದರೆ ಬೆಲೆ ನಿಂತದ್ದನ್ನು ಕಂಡು ಬ್ರೆಜಿಲಿನವರೇ ಇನ್ನಷ್ಟು ಗಿಡ ನೆಟ್ಟರು. ಕೊಲಂಬಿಯ ಮೊದಲಾದ ದೇಶಗಳವರೂ ನೆಟ್ಟರು. ಬ್ರೆಜಿಲ್ ಹಿಡಿದ ಕೊಡೆಯ ಕೆಳಗೆ ಎಲ್ಲರೂ ಬಂದು ನಿಂತಂತಾಯಿತು. ಕೊಡೆಯ ಭಾರ ಮಾತ್ರ ಬ್ರೆಜಿಲಿನ ಹೆಗಲಿಗೆ.

1929ರಲ್ಲಿ ಜಗತ್ತಿನ ವ್ಯಾಪಾರವೇ ಕುಸಿದಾಗ ಆ ಉಗ್ರಾಣಗಳು ತುಂಬಿ ತುಳುಕುತ್ತಿದ್ದವು. ಕೊಳ್ಳುವವರಿಲ್ಲ. ಆಗ ಸರಕಾರವು ಕಾಫಿಯನ್ನು ಸುಡಲು ಆರಂಭಿಸಿತು. 1931ರಿಂದ 1944ರ ತನಕ ಸುಟ್ಟದ್ದು ಸುಮಾರು 7 ಕೋಟಿ 80 ಲಕ್ಷ ಚೀಲ. ಒಂದು ಚೀಲವೆಂದರೆ 60 ಕಿಲೋ. ಭಾರತವು ಈಗಿನ ಲೆಕ್ಕದಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬೆಳೆಯುವಷ್ಟು ಕಾಫಿ ಬೂದಿಯಾಯಿತು. ಆ ಹಣ್ಣುಗಳನ್ನೂ ಯಾರೋ ಒಬ್ಬೊಬ್ಬರು ಕೈಯಿಂದಲೇ ಕುಯ್ದಿರಬೇಕಲ್ಲವೇ? ಬೆಲೆಯನ್ನು ಮೇಲೆ ಹಿಡಿದಿಟ್ಟರೆ ಬೆಳೆ ಹೆಚ್ಚುತ್ತದೆ. ಹೆಚ್ಚಿದ ಬೆಳೆಯನ್ನು ಏನು ಮಾಡುವುದೆಂದು ಮೊದಲೇ ಯೋಚಿಸದವರು ಕೊನೆಗೆ ಬೆಂಕಿ ಹಚ್ಚಬೇಕಾಗುತ್ತದೆ. ಇದು ನಮಗೆ ಮೊದಲನೆಯ ಪಾಠ.

ನಮ್ಮ ದೇಶದ ಪೂಲು

ಇನ್ನು ನಮ್ಮ ಕಡೆಗೆ ಬರೋಣ. ಎರಡನೆಯ ಮಹಾಯುದ್ಧ ಬಂದಾಗ ಯೂರೋಪಿನ ಪೇಟೆ ಮುಚ್ಚಿತು. ಹಡಗುಗಳಿಲ್ಲ, ಕೊಳ್ಳುವವರಿಲ್ಲ. ಕೊಡಗು, ಮೈಸೂರು, ವಯನಾಡು, ನೀಲಗಿರಿಗಳ ಕಾಫಿ ಕಣದಲ್ಲೇ ಉಳಿಯಿತು. ಆಗಿನ ಸರಕಾರ 1940ರಲ್ಲಿ ಒಂದು ಸುಗ್ರೀವಾಜ್ಞೆಯನ್ನೂ 1942ರಲ್ಲಿ ಒಂದು ಕಾಯಿದೆಯನ್ನೂ ತಂದಿತು. ಕಾಫಿ ಬೋರ್ಡು ನಿಂತಿತು. ಬೆಂಗಳೂರು ಅದರ ಕೇಂದ್ರವಾಯಿತು. ಬೆಳೆಗಾರನು ತನ್ನ ಮನೆಯ ಬಳಕೆಗೆ, ಬೀಜಕ್ಕೆ ಎಂದು ಸ್ವಲ್ಪ ಇಟ್ಟುಕೊಂಡು ಉಳಿದ ಎಲ್ಲ ಕಾಫಿಯನ್ನೂ ಬೋರ್ಡಿಗೆ ಒಪ್ಪಿಸಬೇಕು. ಬೋರ್ಡು ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಹರಾಜಿನಲ್ಲಿ ಮಾರಬೇಕು. ಬಂದ ಹಣವನ್ನು ದರ್ಜೆಯ ಪ್ರಕಾರ ಹಂಚಬೇಕು. ಇದನ್ನೇ ನಮ್ಮ ಹಿರಿಯರು "ಪೂಲು" ಎಂದರು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು. ಪೂಲು ಮಾತ್ರ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಪೂಲಿನ ಒಳ್ಳೆಯದನ್ನು ಮೊದಲು ಹೇಳಬೇಕು. ಒಂದು ಚೀಲ ತಂದ ಬಡವನಿಗೂ ಸಾವಿರ ಚೀಲ ತಂದ ದೊಡ್ಡ ಎಸ್ಟೇಟಿಗೂ ಅದೇ ದರ್ಜೆಗೆ ಅದೇ ದರ. ವರ್ತಕನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಪೇಟೆ ಬಿದ್ದ ವರ್ಷವೂ "ಕೊಳ್ಳುವುದಿಲ್ಲ, ತೆಗೆದುಕೊಂಡು ಹೋಗು" ಎನ್ನುವವರಿರಲಿಲ್ಲ.

ಕೆಟ್ಟದ್ದನ್ನೂ ಹೇಳಬೇಕು. ನಮ್ಮ ತಂದೆಯವರು ಎಸ್ಟೇಟಿನಲ್ಲಿ ಕೂಲಿ ಮಾಡುತ್ತಿದ್ದರು. ಮನೆಯ ಹಿಂದೆ ಒಂದೂವರೆ ಎಕರೆ ಕಾಫಿಯೂ ಇತ್ತು. ಅವರ ಟ್ರಂಕಿನಲ್ಲಿ ಪೂಲಿನ ರಸೀತಿಗಳ ಒಂದು ಕಟ್ಟು ಇನ್ನೂ ಇದೆ. ಕಾಫಿ ಕೊಟ್ಟ ದಿನ ಒಂದು ಮುಂಗಡ, ಆಮೇಲೆ ಒಂದು ಕಂತು, ಆಮೇಲೆ ಇನ್ನೊಂದು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ವರ್ಷದ ಹೂವು ಅರಳಿ ಕಾಯಾಗಿರುತ್ತಿತ್ತು. ಒಟ್ಟು ಎಷ್ಟು ಬರುತ್ತದೆಂದು ಕಾಫಿ ಕೊಟ್ಟವನಿಗೇ ತಿಳಿಯದು. ಆ ನಡುವೆ ಮಕ್ಕಳ ಫೀಸು, ಔಷಧಿ, ಮಳೆಗಾಲದ ಅಕ್ಕಿ, ಇವೆಲ್ಲಕ್ಕೂ ಅಂಗಡಿಯ ಸಾಲ. ಕಂತು ಬಂದರೆ ಬಡ್ಡಿಗೆ ಹೋಯಿತು. ಬೋರ್ಡು ವರ್ತಕನನ್ನು ದೂರವಿಟ್ಟಿತು ನಿಜ; ಸಾಲ ಕೊಡುವವನನ್ನು ದೂರವಿಡಲಿಲ್ಲ.

ಇನ್ನೊಂದು ಸಂಗತಿ. ಎಲ್ಲರ ಕಾಫಿಯೂ ದರ್ಜೆಯೊಳಗೆ ಬೆರೆತು ಹೋಗುವುದರಿಂದ ಕೆಂಪು ಹಣ್ಣನ್ನೇ ಆರಿಸಿ ಕುಯ್ದು ಜೋಪಾನವಾಗಿ ಒಣಗಿಸಿದವನ ಹೆಚ್ಚಿನ ಶ್ರಮಕ್ಕೆ ತಕ್ಕ ಬೆಲೆ ಸಿಗುತ್ತಿರಲಿಲ್ಲ. ತಾನು ಬೆಳೆದ ಕಾಫಿಯನ್ನು ತಾನೇ ಹೊರಗೆ ಮಾರಿದರೆ ಅದು ಅಪರಾಧ. ಆದುದರಿಂದ ಕತ್ತಲೆಯಲ್ಲಿ ಮಾರುವವರು ಹುಟ್ಟಿಕೊಂಡರು. ಕತ್ತಲೆಯಲ್ಲಿ ಕೊಳ್ಳುವವನು ಕೊಟ್ಟದ್ದೇ ಬೆಲೆಯಾಯಿತು. ಕಾಯಿದೆ ತುಂಬ ಬಿಗಿಯಾದರೆ ಪ್ರಾಮಾಣಿಕನೂ ಕಳ್ಳದಾರಿ ಹಿಡಿಯುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಫಿ ಹೌಸಿನ ನೌಕರರು

ಇಲ್ಲಿ ಒಂದು ಉಪಕಥೆ ಹೇಳದೆ ಮುಂದೆ ಹೋಗಲಾಗದು. ಕಾಫಿ ಕುಡಿಯುವ ಅಭ್ಯಾಸವನ್ನು ಹರಡಲೆಂದು 1936ರಿಂದ ನಗರಗಳಲ್ಲಿ ಇಂಡಿಯಾ ಕಾಫಿ ಹೌಸುಗಳು ತೆರೆದವು. ಮೊದಲನೆಯದು ಮುಂಬಯಿಯಲ್ಲಿ. ಮುಂದೆ ಇವು ಬೋರ್ಡಿನ ಕೈಗೆ ಬಂದು ಸುಮಾರು ಐವತ್ತರ ತನಕ ಬೆಳೆದವು. 1950ರ ದಶಕದ ನಡುವಿನಲ್ಲಿ ಬೋರ್ಡು ನೀತಿ ಬದಲಿಸಿ ಇವುಗಳನ್ನು ಮುಚ್ಚಲು ಹೊರಟಿತು. ಲೋಟ ತೊಳೆದವರು, ಟ್ರೇ ಹೊತ್ತವರು, ಅಡುಗೆಯವರು ಬೀದಿಗೆ ಬೀಳುವ ಕಾಲ ಬಂತು. ನೋಡಿರಿ, ಸರಕಾರದ ಕೆಲಸವಾದರೂ ಒಂದು ಆಜ್ಞೆಯಿಂದ ಹೋಗಬಹುದು.

ಆಗ ನೌಕರರ ನಾಯಕರಾಗಿದ್ದ ಎ. ಕೆ. ಗೋಪಾಲನ್ ಅವರು ಹೊಸ ದಾರಿಯೊಂದನ್ನು ಹಿಡಿಸಿದರು. ಅಂಗಡಿಗಳನ್ನು ನೌಕರರಿಗೇ ವಹಿಸಿಕೊಡಿ ಎಂದು ಬೋರ್ಡನ್ನು ಒಪ್ಪಿಸಿದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ನೌಕರರ ಮೊದಲ ಸಹಕಾರ ಸಂಘ ಹುಟ್ಟಿತು. ಅದೇ ವರ್ಷ ದಿಲ್ಲಿಯಲ್ಲಿ ಅವರ ಕಾಫಿ ಹೌಸು ತೆರೆಯಿತು. 1958ರಲ್ಲಿ ನಮ್ಮ ಕೇರಳದ ತೃಶ್ಶೂರಿನಲ್ಲಿ. ಬಿಳಿ ಉಡುಪು, ತಲೆಯ ಮೇಲೆ ಬೀಸಣಿಗೆಯಂಥ ಪಟ್ಟಿಯ ಪೇಟ ಧರಿಸಿದ ಆ ನೌಕರರನ್ನು ನಾವು ಇಂದೂ ಕಾಣುತ್ತೇವೆ. ಅವರು ಪೇಟೆಯಲ್ಲೇ ಮಾರುತ್ತಾರೆ, ಇತರ ಹೋಟೆಲುಗಳೊಡನೆ ಸ್ಪರ್ಧಿಸುತ್ತಾರೆ. ಆದರೆ ಅಂಗಡಿ ಅವರದು. ಪೇಟೆಯೆಂದರೆ ಧಣಿಗಳ ಪೇಟೆ ಮಾತ್ರವೇ ಆಗಬೇಕಾಗಿಲ್ಲ ಎಂಬುದನ್ನು ಟ್ರೇ ಹೊತ್ತವರು ತೋರಿಸಿಕೊಟ್ಟರು. ಈ ಮಾತನ್ನು ಕೊನೆಯಲ್ಲಿ ಮತ್ತೆ ನೆನೆಯೋಣ.

ಬಾಗಿಲು ತೆರೆದ ಕಾಲ

ಪರದೇಶದ ಪೇಟೆಯಲ್ಲಿಯೂ ಬೆಲೆಗೆ ಒಂದು ಕಟ್ಟು ಇತ್ತು. 1962ರಲ್ಲಿ ಕಾಫಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ಯಾವ ದೇಶ ಎಷ್ಟು ರಫ್ತು ಮಾಡಬಹುದೆಂದು ಪಾಲು ಗೊತ್ತುಮಾಡಿದರು. 1989ರ ಜುಲೈಯಲ್ಲಿ ಪಾಲಿನ ವಿಷಯದಲ್ಲಿ ಒಮ್ಮತವಾಗದೆ ಆ ಕಟ್ಟು ಒಡೆಯಿತು. ಕೂಡಲೇ ಬೆಲೆ ಅರ್ಧದಷ್ಟಕ್ಕೆ ಇಳಿಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. 1991ರಲ್ಲಿ ಅದೂ ಒಡೆದುಹೋಯಿತು. ಅದೇ ವರ್ಷ ದಿಲ್ಲಿಯ ಸರಕಾರವೂ ಆರ್ಥಿಕ ನೀತಿಯನ್ನು ಬದಲಿಸಿತು.

ಬೆಳೆಗಾರರು "ನಮ್ಮ ಕಾಫಿಯನ್ನು ನಾವೇ ಮಾರುತ್ತೇವೆ" ಎಂದು ಕೇಳಿದರು. 1992ರಲ್ಲಿ ಬೆಳೆಯ ನೂರಕ್ಕೆ 30 ಪಾಲನ್ನು ದೇಶದೊಳಗೆ ಮಾರಲು ಬಿಟ್ಟರು. ಆಮೇಲೆ ಪಾಲು ಏರುತ್ತಾ ಹೋಯಿತು. ಸಣ್ಣ ಬೆಳೆಗಾರರಿಗೆ ಮೊದಲು ಪೂರ್ಣ ಬಿಡುಗಡೆ, 1996ರಲ್ಲಿ ಎಲ್ಲರಿಗೂ. ಪೂಲು ಮುಗಿಯಿತು.

ಆ ಬಿಡುಗಡೆಯ ಗಳಿಗೆ ಅದೃಷ್ಟದ ಗಳಿಗೆಯೂ ಆಗಿತ್ತು. 1994ರಲ್ಲಿ ಬ್ರೆಜಿಲಿನಲ್ಲಿ ಎರಡು ಸಲ ಹಿಮ ಬಿದ್ದು ಗಿಡಗಳು ಸುಟ್ಟವು; ಬೆಲೆ ಏರಿತು. 1997ರಲ್ಲಿ ಮತ್ತೆ ಏರಿತು. ಹತ್ತು ಹದಿನೈದು ವರ್ಷದ ಹುಡುಗರಾಗಿ ನಾವು ಇದನ್ನು ಕಣ್ಣಾರೆ ಕಂಡೆವು. ಕಾಫಿ ಕೊಟ್ಟ ದಿನವೇ ಹಣ ಕೈಗೆ! ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ನಮ್ಮ ತಂದೆಯವರು ಅಂಗಡಿಯ ಸಾಲದ ಪುಸ್ತಕವನ್ನು ಅಂದೇ ಹರಿದು ಹಾಕಿದರು. ಇದನ್ನು ಮರೆತು "ಮುಕ್ತ ಮಾರುಕಟ್ಟೆಯೆಂದರೆ ಬರೀ ಶೋಷಣೆ" ಎಂದು ವೇದಿಕೆಯಿಂದ ಕೂಗಿದರೆ ಅದು ಸುಳ್ಳಾಗುತ್ತದೆ. ಬಡ ಬೆಳೆಗಾರನಿಗೆ ಪೇಟೆ ಕೊಟ್ಟ ಮರ್ಯಾದೆ ನಿಜವಾದದ್ದೇ.

2001ರ ಕುಸಿತ

ಆದರೆ ಅದೇ ಪೇಟೆ ನಾಲ್ಕು ವರ್ಷದೊಳಗೆ ಮುಖ ತಿರುಗಿಸಿತು. ಅಂತರರಾಷ್ಟ್ರೀಯ ಕಾಫಿ ಸಂಘಟನೆಯ ಲೆಕ್ಕದಲ್ಲಿ 1997ರ ಸರಾಸರಿ ಬೆಲೆ ಪೌಂಡಿಗೆ ಸುಮಾರು 134 ಅಮೆರಿಕನ್ ಸೆಂಟು. 2001ರಲ್ಲಿ 46 ಸೆಂಟಿಗಿಂತಲೂ ಕಡಿಮೆ. ಮೂರರಲ್ಲಿ ಎರಡು ಪಾಲು ಹೋಯಿತು. ಅದೇ ಹೊತ್ತಿಗೆ ವಯನಾಡಿನಲ್ಲಿ ಮೆಣಸಿನ ಬಳ್ಳಿಗೆ ಸೊರಗುರೋಗ, ಮೆಣಸಿನ ಬೆಲೆಗೂ ಇಳಿತ.

ಇದು ಏಕೆ ಆಯಿತು? ಇದನ್ನು ಗಮನವಿಟ್ಟು ಕೇಳಬೇಕು. 1990ರ ದಶಕದಲ್ಲಿ ವಿಯೆಟ್ನಾಂ ದೇಶವು ತನ್ನ ನಡುಮಲೆನಾಡಿನಲ್ಲಿ ರೋಬಸ್ಟ ಕಾಫಿಯನ್ನು ವಿಪರೀತವಾಗಿ ಹೆಚ್ಚಿಸಿತು. ಅಲ್ಲಿಯ ಸರಕಾರ ಜನರನ್ನು ಕರೆತಂದು ನೆಲೆಗೊಳಿಸಿತು, ಭೂಮಿ ಕೊಟ್ಟಿತು, ಸಾಲ ಕೊಟ್ಟಿತು. ದಶಕ ಮುಗಿಯುವುದರೊಳಗೆ ವಿಯೆಟ್ನಾಂ ಬ್ರೆಜಿಲಿನ ನಂತರದ ಸ್ಥಾನಕ್ಕೆ ಬಂದಿತು. ಬ್ರೆಜಿಲಿನವರೂ ಹಿಮ ಬೀಳದ ಕಡೆಗೆ ತೋಟಗಳನ್ನು ಹಬ್ಬಿಸಿದರು. ಹಾಗಾದರೆ ನಮ್ಮನ್ನು ಬಿಟ್ಟ "ಮುಕ್ತ" ಮಾರುಕಟ್ಟೆ ಎಷ್ಟು ಮುಕ್ತವಾಗಿತ್ತು? ನಮ್ಮ ಸರಕಾರ ಕೈ ತೆಗೆಯಿತು. ಬೇರೆ ಸರಕಾರದ ಕೈ ಆ ಪೇಟೆಯೊಳಗೆ ಇದ್ದೇ ಇತ್ತು. ಕೊಳ್ಳುವ ಕಡೆಯಲ್ಲಿಯೂ ಹಾಗೆಯೇ: ಜಗತ್ತಿನ ಕಾಫಿಯ ದೊಡ್ಡ ಪಾಲನ್ನು ಕೊಳ್ಳುವವರು ಬೆರಳೆಣಿಕೆಯ ದೊಡ್ಡ ಕಂಪೆನಿಗಳು. ಸರಕಾರ ಹೊರಟುಹೋದ ಜಾಗ ಖಾಲಿ ಉಳಿಯುವುದಿಲ್ಲ. ಬಲವಿದ್ದವರು ಬಂದು ಕೂರುತ್ತಾರೆ. ಇದು ಎರಡನೆಯ ಪಾಠ.

ಆ ವರ್ಷಗಳಲ್ಲಿ ವಯನಾಡಿನಲ್ಲಿ ಏನಾಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಾಲದ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡ ಬೆಳೆಗಾರರ ಮನೆಗಳಿಗೆ ನಾವೂ ನೀವೂ ಹೋಗಿ ಕುಳಿತು ಬಂದಿದ್ದೇವೆ. ಹೆಸರು ಹೇಳುವುದು ಬೇಡ. ಕೂಲಿಯವರ ಸಂಕಟ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ತೋಟದ ಧಣಿ ಬೆಲೆಯಿಲ್ಲವೆಂದು ಗೊಬ್ಬರ ಬಿಟ್ಟ, ಕಸಿ ಕೆಲಸ ಬಿಟ್ಟ, ಕಳೆ ತೆಗೆಸುವುದನ್ನು ಬಿಟ್ಟ. ಬಿಟ್ಟದ್ದೆಲ್ಲವೂ ಯಾರದೋ ದಿನಗೂಲಿ. ವಾರಕ್ಕೆ ಆರು ದಿನ ಇದ್ದ ಕೆಲಸ ಎರಡು ದಿನವಾಯಿತು. ನಮ್ಮವರು ಗಡಿ ದಾಟಿ ಕೊಡಗು, ಮೈಸೂರು, ಚಾಮರಾಜನಗರದ ಶುಂಠಿ ಹೊಲಗಳಿಗೆ ಹೋದರು. ಮನೆಗೆ ಬೀಗ, ಶಾಲೆಯಲ್ಲಿ ಮಕ್ಕಳ ಹಾಜರಿ ಖಾಲಿ.

ಸರಕಾರ ಮತ್ತೆ ಬಂದ ಬಗೆ

ಕಷ್ಟ ಕಂಡ ಮೇಲೆ ಸರಕಾರ ಮರಳಿ ಬಂತು. 2003ರಲ್ಲಿ ಕಾಫಿ, ಟೀ, ರಬ್ಬರು, ತಂಬಾಕು ಬೆಳೆಯುವ ಸಣ್ಣವರಿಗಾಗಿ ಒಂದು ಬೆಲೆ ಸ್ಥಿರತಾ ನಿಧಿಯನ್ನು ಮಾಡಿದರು. ಅದರ ಯೋಚನೆ ಚೆನ್ನಾಗಿತ್ತು. ಹಿಂದಿನ ವರ್ಷಗಳ ಸರಾಸರಿ ಬೆಲೆಯನ್ನು ನೋಡುವುದು. ಬೆಲೆ ತುಂಬ ಏರಿದ ವರ್ಷ ಬೆಳೆಗಾರ ತನ್ನ ಖಾತೆಗೆ ಹಣ ಕಟ್ಟುವುದು, ತುಂಬ ಬಿದ್ದ ವರ್ಷ ಸರಕಾರ ಕಟ್ಟುವುದು. ಬೆಲೆಯನ್ನು ಮುಟ್ಟದೆ ಬೆಳೆಗಾರನಿಗೆ ಆಸರೆ ಕೊಡುವ ಕ್ರಮ. ಆದರೆ ಕಟ್ಟುವ ಮೊತ್ತ ಎಷ್ಟು? ವರ್ಷಕ್ಕೆ ಒಂದು ಸಾವಿರ ರೂಪಾಯಿ! ಸೇರಲು ಐನೂರು ರೂಪಾಯಿ ಶುಲ್ಕ. ನಾಲ್ಕು ಹೆಕ್ಟೇರಿನೊಳಗಿನವರೇ ಆದರೂ ಬಹಳ ಮಂದಿ ಸೇರಲೇ ಇಲ್ಲ. 2013ರಲ್ಲಿ ಆ ಯೋಜನೆ ನಿಂತಿತು. ಗಾಯಕ್ಕೆ ತಕ್ಕ ಔಷಧವನ್ನೇ ಕಂಡುಹಿಡಿದು ಒಂದೇ ತೊಟ್ಟು ಹಾಕಿದಂತಾಯಿತು.

2006ರಲ್ಲಿ ನಾಲ್ಕು ರಾಜ್ಯಗಳ 31 ಜಿಲ್ಲೆಗಳಿಗೆ ಪ್ರಧಾನಮಂತ್ರಿಯವರ ಪರಿಹಾರ ಯೋಜನೆ ಬಂತು. ಕೇರಳದಲ್ಲಿ ವಯನಾಡು, ಪಾಲಕ್ಕಾಡು, ಕಾಸರಗೋಡು ಅದರಲ್ಲಿ ಸೇರಿದ್ದವು. 2008ರಲ್ಲಿ ದೇಶಕ್ಕೆಲ್ಲ ಸಾಲಮನ್ನಾ. ಅದು ಬ್ಯಾಂಕು ಮತ್ತು ಸಹಕಾರ ಸಂಘಗಳ ಬೇಸಾಯ ಸಾಲಕ್ಕೆ ಅನ್ವಯಿಸಿತು. ಬಡ್ಡಿಯವನ ಸಾಲಕ್ಕೆ ಅನ್ವಯಿಸಲಿಲ್ಲ. ಭೂಮಿಯೇ ಇಲ್ಲದ ಕೂಲಿಯವನಿಗೆ ಬೇಸಾಯ ಸಾಲವನ್ನು ಯಾವ ಬ್ಯಾಂಕು ಕೊಟ್ಟಿತ್ತು? ಮನ್ನಾ ಮಾಡಲು ಅವನ ಹೆಸರಿನಲ್ಲಿ ಏನೂ ಇರಲಿಲ್ಲ. ಹಲವರ ಮನೆ ಉಳಿದದ್ದು ಈ ಮನ್ನಾದಿಂದಲೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಹಾಯವು ಕಾಗದಪತ್ರ ಇದ್ದವರ ಬಾಗಿಲಿಗೆ ಮೊದಲು ಹೋಗುತ್ತದೆ ಎಂಬುದು ಮೂರನೆಯ ಪಾಠ.

ಕೂಲಿಯ ಲೆಕ್ಕ

ಇಷ್ಟು ಹೊತ್ತು ಬೆಲೆಯ ಮಾತಾಯಿತು. ಈಗ ಆ ಹಿರಿಯರನ್ನೂ ಆ ತರುಣರನ್ನೂ ಒಂದೇ ಪ್ರಶ್ನೆ ಕೇಳುತ್ತೇವೆ. ಪೂಲಿನ ಕಾಲದಲ್ಲಿ ಕಂತು ತಡವಾದರೂ ಬೆಲೆ ಭದ್ರವಾಗಿತ್ತು. ಕುಯ್ದವರ ಕೂಲಿ ಭದ್ರವಾಗಿತ್ತೇ? 1997ರಲ್ಲಿ ಬೆಲೆ ಏರಿತು. ಕೂಲಿ ಅದರೊಡನೆ ಏರಿತೇ? ಲಂಡನ್ ಪೇಟೆಯಲ್ಲಿ 2020ರಲ್ಲಿ ಟನ್ನಿಗೆ ಸುಮಾರು 1,300 ಡಾಲರು ಇದ್ದ ರೋಬಸ್ಟ 2024ರಲ್ಲಿ 5,000 ಡಾಲರನ್ನು ದಾಟಿತು. ಮೂರು ಪಾಲಿಗಿಂತ ಹೆಚ್ಚು. ಕುಯ್ಲಿನ ಕೂಲಿ ಮೂರು ಪಾಲು ಆಯಿತೇ? ನಮ್ಮ ಅನುಭವದಲ್ಲಿ ಎಲ್ಲಿಯೂ ಆಗಲಿಲ್ಲ. ಬೆಲೆ ಬಿದ್ದಾಗ ಮಾತ್ರ ಕೂಲಿಯ ದಿನಗಳು ಬೆಲೆಗಿಂತ ಮೊದಲೇ ಬಿದ್ದವು.

ಆದುದರಿಂದ ಸರಕಾರವೋ ಪೇಟೆಯೋ ಎಂಬ ಜಗಳದಲ್ಲಿ ನಮ್ಮ ಕೂಟ ಒಡೆಯುವುದು ಸರಿಯಲ್ಲ. ಸರಕಾರ ಬೆಲೆಯನ್ನು ಹಿಡಿದ ಕಾಲದಲ್ಲಿಯೂ ಬಿಟ್ಟ ಕಾಲದಲ್ಲಿಯೂ ಕುಯ್ಯುವವರ ಸ್ಥಾನ ಸಾಲಿನ ಕೊನೆಯಲ್ಲೇ ಇತ್ತು. ಅವರ ಕೈಗೆ ಸ್ವಲ್ಪವಾದರೂ ಭದ್ರತೆ ಬಂದದ್ದು ಎಲ್ಲಿಂದ? 1948ರ ಕನಿಷ್ಠ ವೇತನ ಕಾಯಿದೆಯಿಂದ. 1951ರ ತೋಟ ಕಾರ್ಮಿಕರ ಕಾಯಿದೆಯಿಂದ. ಲೈನುಮನೆ, ಆಸ್ಪತ್ರೆ, ಕೂಸಿನ ಮನೆ, ಕುಡಿಯುವ ನೀರು, ರಜೆ, ಇವೆಲ್ಲ ಆ ಕಾಯಿದೆಯಿಂದ ಬಂದವು. ಯೂನಿಯನ್ನು ಇದ್ದ ಕಡೆ ಕಾಯಿದೆ ನಡೆಯಿತು; ಇಲ್ಲದ ಕಡೆ ಕಾಗದದಲ್ಲೇ ಉಳಿಯಿತು. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾರ್ಮಿಕ ಸಂಹಿತೆಯೊಳಗೆ ಆ ಕಾಯಿದೆಯನ್ನು ಸೇರಿಸಿದ್ದಾರೆ. ಆದರೆ 1951ರ ಕಾಯಿದೆಯ ಹೊಸ್ತಿಲು ಎತ್ತರದ್ದಾಗಿತ್ತು. 1981ರ ತಿದ್ದುಪಡಿಯ ಮೇಲೂ ಐದು ಹೆಕ್ಟೇರು ಮತ್ತು ಹದಿನೈದು ಕೆಲಸಗಾರರು ಇದ್ದರೆ ಮಾತ್ರ ಅದು ತೋಟವಾಗಿತ್ತು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಸಣ್ಣವರ ಹತ್ತಿರ ಕುಯ್ಯುವ ಹೆಂಗಸಿಗೆ ಆ ಕಾಯಿದೆಯ ಮಾಡಿನ ಕೆಳಗೆ ಜಾಗ ಸಿಗಲಿಲ್ಲ. ಆ ಸಣ್ಣವರು ಯಾರು? ನಾವೇ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ತಂದೆಯವರ ಆ ಒಂದೂವರೆ ಎಕರೆಗೆ ಈಗಲೂ ಕುಯ್ಲಿನಲ್ಲಿ ನಾಲ್ಕು ಜನ ಬರುತ್ತಾರೆ. 2025ರ ಕುಯ್ಲಿನಲ್ಲಿ ಅವರು ಬಾಯಿಬಿಟ್ಟು ಕೇಳುವ ತನಕ ನಾವು ಕೂಲಿ ಹೆಚ್ಚಿಸಲಿಲ್ಲ. ಯೂನಿಯನ್ನಿನ ಸಭೆಯಲ್ಲಿ ಎಸ್ಟೇಟಿನ ಲೆಕ್ಕ ಕೇಳುವ ನಾವು ನಮ್ಮ ಕಣದ ಲೆಕ್ಕ ನೋಡಿರಲಿಲ್ಲ. ಅವರಲ್ಲಿ ಒಬ್ಬ ಅಕ್ಕ, "ಉಪದೇಶಿಗಳೇ, ನಿಮ್ಮ ತೂಕದ ತಕ್ಕಡಿ ನಿಮ್ಮ ಮನೆಯೊಳಗಿದೆ, ನಮಗೆ ಕಾಣುವುದಿಲ್ಲ" ಎಂದರು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಯೋಸೇಫನ ಉಗ್ರಾಣ

ಸರಕಾರ ಧಾನ್ಯ ಕೂಡಿಟ್ಟ ಕಥೆ ಎಂದರೆ ನಮಗೆಲ್ಲ ಯೋಸೇಫನ ನೆನಪಾಗುತ್ತದೆ. ಏಳು ಸುಭಿಕ್ಷದ ವರ್ಷ ಕೂಡಿಟ್ಟು ಏಳು ಬರಗಾಲದ ವರ್ಷ ಜನರನ್ನು ಬದುಕಿಸಿದನೆಂದು ಮಕ್ಕಳಿಗೆ ಕಲಿಸುತ್ತೇವೆ. ಆದಿಕಾಂಡದ 47ನೆಯ ಅಧ್ಯಾಯವನ್ನು ಅಷ್ಟಾಗಿ ಕಲಿಸುವುದಿಲ್ಲ. ಅಲ್ಲಿ ಜನರು ಮೊದಲು ಹಣ ಕೊಟ್ಟು ಧಾನ್ಯ ಕೊಂಡರು. ಹಣ ಮುಗಿದ ಮೇಲೆ ದನಕರು ಕೊಟ್ಟರು. ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಪ್ರಾಣ ಉಳಿಯಿತು, ಭೂಮಿ ಹೋಯಿತು. ಉಗ್ರಾಣ ಬೇಕು. ಆದರೆ ಉಗ್ರಾಣದ ಬೀಗದಕೈ ಯಾರ ಹತ್ತಿರ ಇದೆಯೆಂದು ಕೇಳುವ ಹಕ್ಕೂ ಜನರಿಗೆ ಬೇಕು.

ನಾವು ಮಾಡಬಹುದಾದದ್ದು

ಕೊನೆಯದಾಗಿ, ಮುಂದಿನ ಕುಯ್ಲಿಗೆ ಮೊದಲು ನಾವು ಮಾಡಬಹುದಾದ ನಾಲ್ಕು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು: ತಕ್ಕಡಿ ಅಂಗಳಕ್ಕೆ ಬರಲಿ. ಕುಯ್ದವರ ಮುಂದೆ ತೂಗಿ, ತೂಕವನ್ನು ಗಟ್ಟಿಯಾಗಿ ಓದಿ, ಚೀಟಿ ಬರೆದು ಕೊಡೋಣ. ಇದಕ್ಕೆ ಯಾವ ಸರಕಾರದ ಆಜ್ಞೆಯೂ ಬೇಡ.

ಎರಡು: ಕುಯ್ಲು ಆರಂಭವಾಗುವ ಮೊದಲೇ ಕಿಲೋ ಕೂಲಿಯನ್ನು ಮಾತಾಡಿಕೊಳ್ಳೋಣ. ಬೆಲೆ ಇಷ್ಟನ್ನು ದಾಟಿದರೆ ಕೂಲಿ ಇಷ್ಟು ಹೆಚ್ಚು ಎಂದು ಮೊದಲೇ ಬರೆದುಕೊಳ್ಳೋಣ. ಬೆಲೆ ಬಿದ್ದರೂ ದಿನದ ದುಡಿಮೆ ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗಬಾರದು. ಎರಡೆಕರೆಯವನಿಗೆ ಇದು ಕಷ್ಟವೆಂದು ಬಲ್ಲೆವು, ನಮಗೂ ಕಷ್ಟವೇ. ಆದರೆ ಬೆಲೆ ಏರಿದ ವರ್ಷದಲ್ಲಿ ಸ್ವಲ್ಪ ತೆಗೆದಿಟ್ಟರೆ ಇಳಿದ ವರ್ಷಕ್ಕೆ ಆಗುತ್ತದೆ. 2003ರ ನಿಧಿಯ ಯೋಚನೆಯನ್ನು ನಮ್ಮ ಕೂಟದ ಮಟ್ಟದಲ್ಲಿ ನಾವೇ ಮಾಡಿ ನೋಡಬಹುದು.

ಮೂರು: ಗಿಡದ ಮೇಲಿನ ಕಾಫಿಯನ್ನು ಮುಂಗಡಕ್ಕೆ ಮಾರುವುದನ್ನು ನಿಲ್ಲಿಸೋಣ. ಹತ್ತು ಮನೆಯವರು ಸೇರಿ ಒಣಗಿಸಿ ಒಟ್ಟಿಗೆ ಮಾರಿದರೆ ವರ್ತಕನ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. 1957ರಲ್ಲಿ ಟ್ರೇ ಹೊತ್ತವರು ಮಾಡಿದ್ದನ್ನು ಭೂಮಿ ಇರುವ ನಾವು ಮಾಡಲಾರೆವೇ?

ನಾಲ್ಕು: ಸರಕಾರದ ಹತ್ತಿರ ಪೂಲನ್ನು ಕೇಳುವುದು ಬೇಡ, ಕೈಕಟ್ಟಿ ಕುಳಿತುಕೊಳ್ಳಿರಿ ಎಂದೂ ಹೇಳುವುದು ಬೇಡ. ಕನಿಷ್ಠ ವೇತನವನ್ನು ಸಣ್ಣ ತೋಟಗಳಲ್ಲಿಯೂ ನಡೆಸಿಕೊಡಿರಿ, ಬೆಲೆ ಬಿದ್ದ ವರ್ಷ ಕೆಲಸ ಕಳೆದುಕೊಂಡ ಕೂಲಿಯವರ ಹೆಸರನ್ನೂ ಪರಿಹಾರದ ಪಟ್ಟಿಯಲ್ಲಿ ಬರೆಯಿರಿ ಎಂದು ಕೇಳೋಣ. ಬೆಳೆಗಾರರೂ ಕೂಲಿಯವರೂ ಒಂದೇ ಅರ್ಜಿಗೆ ಸಹಿ ಹಾಕಿದರೆ ಆ ಅರ್ಜಿಯನ್ನು ತಳ್ಳಿಹಾಕುವುದು ಸುಲಭವಲ್ಲ.

ಈಗಿನ ಬೆಲೆ ಸದಾ ನಿಲ್ಲುವುದಿಲ್ಲ. ಕಳೆದ ನೂರು ವರ್ಷಗಳಲ್ಲಿ ಒಮ್ಮೆಯೂ ನಿಂತಿಲ್ಲ. ಬೆಲೆ ಇಳಿಯುವ ದಿನ ನಾವು ಎರಡು ಬದಿಗೆ ಸರಿದು ಕುಳಿತಿದ್ದರೆ 2001ರಂತೆಯೇ ಒಬ್ಬೊಬ್ಬರಾಗಿ ಬೀಳುತ್ತೇವೆ. ಆದುದರಿಂದ ಇಂದಿನ ಕೂಟ ಮುಗಿದ ಮೇಲೆ ಹೊರಗೆ ಹೋಗುವ ಮೊದಲು ಬೆಳೆಗಾರರು ಐದು ಮಂದಿ, ಕುಯ್ಯುವವರು ಐದು ಮಂದಿ ಇದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕೆಂದು ಬೇಡುತ್ತೇವೆ. ಕುಯ್ಯುವವರ ಐದರಲ್ಲಿ ನಾಲ್ವರಾದರೂ ಹೆಂಗಸರಾಗಿರಲಿ. ಕಾಫಿ ಕುದಿಯುತ್ತಿದೆ, ಎಲ್ಲರಿಗೂ ಲೋಟ ಇದೆ. ನಮ್ಮ ತಕ್ಕಡಿಯನ್ನು ನಾವು ಈಗಾಗಲೇ ಅಂಗಳಕ್ಕೆ ತಂದಿಟ್ಟಿದ್ದೇವೆ.